ಆಯಿಗಿ ಆರಾಮಿಲ್ಲ

ಆಳಂದದ ಒಂದು ವಾಚನಾಲಯದಲ್ಲಿ ಭಾನುವಾರಕ್ಕೊಮ್ಮೆ ಏಳೆಂಟು ಹುಡುಗ ಹುಡುಗಿಯರು ಇಂಗ್ಲಿಷ್ ಕಲಿಯಲು ನನ್ನ ಹತ್ತಿರ ಕೂಡುತ್ತಾರೆ. ಎಲ್ಲರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಹೋದ ಶ್ರಾವಣದಲ್ಲಿ ಅವರಲ್ಲೊಬ್ಬಳು, ಅಫಜಲಪುರ ಕಡೆಯ ಹಳ್ಳಿಯವಳು, ಕಾಲೇಜಿಗೆ ಕೊಡಬೇಕಿದ್ದ ರಜೆಯ ಅರ್ಜಿಯನ್ನು ತಿದ್ದಿಕೊಡಿ ಎಂದು ಮುಂದಿಟ್ಟಳು. ಎರಡನೇ ಸಾಲು ಹೀಗಿತ್ತು: ‘ಮೈ ಗ್ರ್ಯಾಂಡ್‌ಮದರ್ ಈಸ್ ನಾಟ್ ಕಾಮ್.’

ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಸಿಟ್ಟಿನಿಂದ ಕೂಗಾಡುತ್ತಿರುವ ಒಬ್ಬ ಮುದುಕಿ. ಏನಾಗಿದೆ ಎಂದು ಕೇಳಿದೆ.

“ನಮ್ಮ ಆಯಿಗಿ ಆರಾಮಿಲ್ರೀ ಸರ. ಮೂರು ದಿನ ಆತು, ಜ್ವರ ಬಂದಾವ.”

“ಮತ್ತ ಕಾಮ್ ಅಂತ ಯಾಕ ಬರದಿ ತಂಗಿ?”

“ಕಾಮ್ ಅಂದ್ರ ಆರಾಮ್ ಅಂತ ಬರ್ಕೊಂಡೀನ್ರೀ. ನಾಟ್ ಕಾಮ್ ಅಂದ್ರ ಆರಾಮಿಲ್ಲ.”

ಲೆಕ್ಕದಲ್ಲಿ ಅವಳದೇನೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಅವಳ ಕೈಯಲ್ಲಿದ್ದ ಗೈಡಿನಲ್ಲಿ. ಅದರ ಒಂದು ಪುಟದಲ್ಲಿ ಕಾಮ್, ಕ್ವಾಯಟ್, ಸೈಲೆಂಟ್, ಸ್ಟಿಲ್, ಸೆರೀನ್, ಟ್ರಾಂಕ್ವಿಲ್, ಪ್ಲಾಸಿಡ್, ಕಂಪೋಸ್ಡ್ ಎಂದು ಒಂದರ ಕೆಳಗೊಂದು ಅಚ್ಚಾಗಿದ್ದವು. ಎದುರಿಗೆ ಉದ್ದಕ್ಕೊಂದು ಗೆರೆ ಎಳೆದು ಒಂದೇ ಅರ್ಥ ಕೊಟ್ಟಿದ್ದರು: ಶಾಂತ, ಆರಾಮ. ಎಂಟು ಮನೆಯ ಜನರನ್ನು ಒಂದೇ ಚಾಪೆಯ ಮೇಲೆ ಕೂಡಿಸಿದ ಹಾಗೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಗುರುತು ಹಾಕುತ್ತಾರೆ, ವಾಕ್ಯ ಬರೆಯಲು ಹೋದಾಗ ಎಡವುತ್ತಾರೆ. ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಈ ಪದಗಳ ನಡುವಿನ ಸೂಕ್ಷ್ಮವೆಲ್ಲ ಆ ಹುಡುಗಿಗೆ ತನ್ನ ಮನೆ ಮಾತಿನಲ್ಲಿ ಚೆನ್ನಾಗಿ ಗೊತ್ತು. ಅಲ್ಲಿಂದ ಇಲ್ಲಿಗೆ ದಾರಿ ಇದೆ ಎಂದು ಅವಳಿಗೆ ಯಾರೂ ಹೇಳಿಲ್ಲ.

ಅವತ್ತು ‘ಆರಾಮ್’ನಿಂದಲೇ ಶುರು ಮಾಡಿದೆವು.

ಆರಾಮ್ ಪಾರಸಿ ಪದ. 1347ರಲ್ಲಿ ಬಹಮನಿ ಅರಸರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಕಾಲದಿಂದ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಪಾರಸಿ, ದಖನಿ, ಉರ್ದು ಈ ನೆಲದ ಕಚೇರಿಯಲ್ಲೂ ಸಂತೆಯಲ್ಲೂ ಇದ್ದವು. ಹಾಗೆ ಬಂದ ಮಾತು ಇವತ್ತು ಜೇವರ್ಗಿಯ ಯಾವ ಓಣಿಗೆ ಹೋದರೂ ಮೊದಲು ಕಿವಿಗೆ ಬೀಳುತ್ತದೆ: “ಆರಾಮ್ ಅದೀರಿ?” ಹೀಗೆ ಕೇಳುವವರು ನೀವು ದಣಿವಾರಿಸಿಕೊಂಡಿರಾ ಎಂದು ಕೇಳುತ್ತಿಲ್ಲ. ಮೈ, ಮನಸ್ಸು, ಮನೆ ಮಂದಿ, ಮಳೆ ಬೆಳೆ ಎಲ್ಲ ನೆಟ್ಟಗಿದೆಯೇ ಎಂದು ಒಂದೇ ಮಾತಿನಲ್ಲಿ ವಿಚಾರಿಸುತ್ತಿದ್ದಾರೆ. ‘ಆರಾಮಿಲ್ಲ’ ಅಂದರೆ ಜಡ್ಡು.

ಇಂಗ್ಲಿಷಿನವರೂ ಇದೇ ದಾರಿಯಲ್ಲಿ ನಡೆದಿದ್ದಾರೆ. ‘ಈಜ್’ ಎಂದರೆ ಹಾಯಾಗಿರುವುದು, ತೊಡಕಿಲ್ಲದೆ ಇರುವುದು. ಅದರ ಹಿಂದೆ ಇಲ್ಲ ಎಂಬರ್ಥದ ‘ಡಿಸ್’ ಸೇರಿಸಿದರೆ ‘ಡಿಸೀಜ್’. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಆರಾಮಿಲ್ಲದಿರುವುದು ಎಂದಷ್ಟೇ ಇತ್ತು, ರೋಗ ಎಂಬ ಅರ್ಥ ಆಮೇಲೆ ಗಟ್ಟಿಯಾಯಿತು. ಆಯಿಗಿ ಆರಾಮಿಲ್ಲ ಎಂಬ ಮಾತನ್ನು ಅಕ್ಷರ ಅಕ್ಷರ ಬಿಡಿಸಿ ಇಂಗ್ಲಿಷಿಗೆ ಹಾಕಿದರೆ ಡಿಸೀಜ್ ಎಂದೇ ಆಗುತ್ತದೆ! ಇದನ್ನು ಹೇಳಿದಾಗ ಹುಡುಗಿಯ ಮುಖ ಅರಳಿತು. ಅರ್ಜಿಯಲ್ಲಿ ‘ಈಸ್ ಇಲ್’ ಎಂದು ತಿದ್ದಿಕೊಂಡಳು. ಕಾಮ್ ಎಲ್ಲಿ ಬರುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಈ ಕಾಮ್ ಎಂಬ ಪದಕ್ಕೂ ನಮ್ಮ ಊರುಗಳಿಗೂ ಒಂದು ನಂಟಿದೆ ಎಂದು ನನಗನಿಸುತ್ತದೆ. ಅದು ಹುಟ್ಟಿದ್ದು ಬಿಸಿಲಿನಲ್ಲಿ. ಗ್ರೀಕಿನಲ್ಲಿ ‘ಕೌಮ’ ಎಂದರೆ ಸುಡುವ ಶಾಖ. ಸುಡುವುದು ಎಂಬ ಅದೇ ಬೇರಿನಿಂದ ಬಂದದ್ದು ಕಾಸ್ಟಿಕ್ ಸೋಡಾದ ಕಾಸ್ಟಿಕ್. ಕೌಮ ಲ್ಯಾಟಿನ್ನಿಗೆ ಹೋಗಿ ನಡುಹಗಲಿನ ಧಗೆ ಎಂದಾಯಿತು. ಆ ಧಗೆಯಲ್ಲಿ ದಕ್ಷಿಣ ಯುರೋಪಿನ ಜನ ಕೆಲಸ ಬಿಟ್ಟು ನೆರಳಿಗೆ ಸೇರುತ್ತಿದ್ದರು, ದನಕರು ಮರದಡಿ ನಿಲ್ಲುತ್ತಿದ್ದವು, ಗಾಳಿಯೂ ಆಡುತ್ತಿರಲಿಲ್ಲ. ಆ ಹೊತ್ತಿನ ಸ್ತಬ್ಧತೆಗೇ ಇಟಲಿ, ಸ್ಪೇನಿನ ಕಡೆ ‘ಕಾಲ್ಮಾ’ ಎಂಬ ಹೆಸರು ನಿಂತಿತು, ಅಲ್ಲಿಂದ ಫ್ರೆಂಚ್ ಹಾದು ಇಂಗ್ಲಿಷಿಗೆ ಬಂತು. ಹೆಚ್ಚಿನ ನಿಘಂಟುಗಳು ಒಪ್ಪುವ ದಾರಿ ಇದು.

ಮಂಜು, ಮಳೆಯ ಇಂಗ್ಲೆಂಡಿನಲ್ಲಿ ಈ ಕಥೆ ಪುಸ್ತಕದ ಮಾತು. ನಮಗೆ ಹಾಗಲ್ಲ. ಮೇ ತಿಂಗಳಲ್ಲಿ ಉಷ್ಣಾಂಶ 43 ಡಿಗ್ರಿ ದಾಟಿದ ದಿನ ಮಧ್ಯಾಹ್ನ ಎರಡಕ್ಕೆ ಯಾವುದೇ ಹಳ್ಳಿಯ ಅಗಸಿಯ ಹತ್ತಿರ ಬಂದು ನೋಡಿ. ಬೇವಿನ ಗಿಡದ ನೆರಳು ಕಟ್ಟೆಯಷ್ಟೇ ಅಗಲಕ್ಕೆ ಮುದುಡಿರುತ್ತದೆ. ಅದರೊಳಗೆ ನಾಲ್ಕು ಮಂದಿ ಟವೆಲ್ಲನ್ನೇ ತಲೆದಿಂಬು ಮಾಡಿ ಅಡ್ಡಾಗಿರುತ್ತಾರೆ. ಬಾಗಿಲುಗಳು ಅರ್ಧ ಮುಚ್ಚಿರುತ್ತವೆ. ನಾಯಿ ನೀರಿನ ಗಡಿಗೆಯ ಹಸಿ ನೆಲ ಹುಡುಕಿ ಅಲ್ಲೇ ಮಲಗಿರುತ್ತದೆ. ಎಲೆ ಅಲುಗುವುದಿಲ್ಲ. ಯಾರೂ ಯಾರಿಗೂ ಸುಮ್ಮನಿರು ಎಂದು ಹೇಳಿರುವುದಿಲ್ಲ, ಬಿಸಿಲೇ ಎಲ್ಲರನ್ನೂ ಸುಮ್ಮನಾಗಿಸಿರುತ್ತದೆ. ಅದು ಕಾಮ್. ಸ್ಪೇನಿನವರ ‘ಸಿಯೆಸ್ತಾ’ ಕೂಡ ಇದೇ ಹೊತ್ತಿನ ಕೂಸು: ಸೂರ್ಯೋದಯದಿಂದ ಎಣಿಸಿದರೆ ಆರನೇ ತಾಸು, ಲ್ಯಾಟಿನ್ನಿನಲ್ಲಿ ‘ಸೆಕ್ಸ್ತಾ’, ಅದೇ ಸಿಯೆಸ್ತಾ.

ಆಮೇಲೆ ಈ ಪದ ನಾವಿಕರ ಕೈಗೆ ಹೋಯಿತು. ಗಾಳಿ ನಿಂತ ಕಡಲಿಗೆ ಕಾಮ್ ಎಂದರು. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ಗಾಳಿಯ ಬಲ ಅಳೆಯಲು ಕಟ್ಟಿದ ಅಳತೆಯಲ್ಲಿ ಸೊನ್ನೆಗೆ ಇರುವ ಹೆಸರು ಕಾಮ್. ನೆಲದ ಮೇಲೆ ಅದನ್ನು ಗುರುತಿಸುವ ಬಗೆಯನ್ನು ಆಮೇಲಿನವರು ಸೇರಿಸಿದರು: ಹೊಗೆ ನೆಟ್ಟಗೆ ಮೇಲೇರುತ್ತದೆ. ಆದ್ದರಿಂದಲೇ ಕಾಮ್ ಎಂಬುದರ ಬೆನ್ನಿಗೆ ಯಾವಾಗಲೂ ಒಂದು ಬಿರುಗಾಳಿಯ ನೆನಪಿರುತ್ತದೆ. ಕಳವಳಪಡಬಹುದಾದ ಕಡೆ ಕಳವಳಪಡದೆ ಇರುವವರಿಗೆ ಆ ಪದ. ಭೀಮೆಗೆ ಪ್ರವಾಹ ಬಂದ ರಾತ್ರಿ ದಂಡೆಯ ಊರಿನಲ್ಲಿ ಮಕ್ಕಳನ್ನೆಲ್ಲ ಎಬ್ಬಿಸಿ, ಕಾಳಿನ ಚೀಲ ಮಾಳಿಗೆಗೇರಿಸಿ, ಕೊನೆಗೆ ದೀಪ ಹಿಡಿದು ಹೊರಬರುವ ಹೆಂಗಸು ಕಾಮ್. ಜ್ವರದಿಂದ ಮಲಗಿದ ಆಯಿಯೂ ಕಾಮ್ ಆಗಿಯೇ ಇರಬಹುದು. ಆರಾಮ್ ಮಾತ್ರ ಇಲ್ಲ.

ಇನ್ನೊಂದು ಮಾತು. ಬರೆಯುವಾಗ ಈ ಪದದಲ್ಲಿ ಒಂದು ‘ಎಲ್’ ಅಕ್ಷರವಿದೆ, ಸಾಮಾನ್ಯವಾಗಿ ಅದನ್ನು ಉಚ್ಚರಿಸುವುದಿಲ್ಲ. ಪದದೊಳಗೇ ಒಂದು ಅಕ್ಷರ ಸುಮ್ಮನೆ ಕೂತಿದೆ. ಹುಡುಗರಿಗೆ ಇದನ್ನು ಹೇಳಿದರೆ ಕಾಗುಣಿತ ಮರೆಯುವುದಿಲ್ಲ.

ಕ್ವಾಯಟ್ ಬೇರೆ. ಅದರ ಬೇರು ಲ್ಯಾಟಿನ್ನಿನ ‘ಕ್ವಿಯೇಸ್’, ವಿಶ್ರಾಂತಿ. ಸತ್ತವರ ಆತ್ಮಕ್ಕೆ ವಿಶ್ರಾಂತಿ ಕೋರುವ ‘ರೆಕ್ವಿಯಮ್’ ಪ್ರಾರ್ಥನೆ ಅಲ್ಲಿಂದ ಬಂತು. ನಮ್ಮ ದೇಶ 1942ರಲ್ಲಿ ಕೂಗಿದ ಕ್ವಿಟ್ ಇಂಡಿಯಾದ ‘ಕ್ವಿಟ್’ ಕೂಡ ಅದೇ ಬೇರಿನದು. ಬಿಡುಗಡೆಗೂ ವಿಶ್ರಾಂತಿಗೂ ಏನು ಸಂಬಂಧ? ಹಳೆಯ ಯುರೋಪಿನ ಲೆಕ್ಕದ ಕಡತಗಳಲ್ಲಿ ಬಾಕಿ ಸಂದಾಯವಾದ ಮೇಲೆ ಲ್ಯಾಟಿನ್ನಿನಲ್ಲಿ ‘ಕ್ವಿಯೇತುಸ್ ಎಸ್ತ್’ ಎಂದು ಬರೆಯುತ್ತಿದ್ದರು. ಇವನ ಬಾಕಿ ಚುಕ್ತಾ ಆಯಿತು, ಇನ್ನು ಇವನು ನಿಶ್ಚಿಂತ ಎಂದರ್ಥ. ಸೊಸೈಟಿಯ ಸಾಲವನ್ನೋ ಬೀಜ ಗೊಬ್ಬರದ ಅಂಗಡಿಯ ಉದ್ದರಿಯನ್ನೋ ಕಟ್ಟಿ ಬಂದ ರಾತ್ರಿ ನಮ್ಮ ರೈತನೊಬ್ಬ ಮಲಗುವ ನಿದ್ದೆ ಇದೆಯಲ್ಲ, ಕ್ವಾಯಟ್ ಎಂಬ ಪದದ ಒಳಗೆ ಆ ನಿದ್ದೆ ಇದೆ. ತೊಗರಿಯ ರೇಟು ಬಿದ್ದ ವರ್ಷ ಊರು ಎಷ್ಟೇ ನಿಶ್ಶಬ್ದವಾಗಿದ್ದರೂ ಅಲ್ಲಿ ಕ್ವಾಯಟ್ ಇರುವುದಿಲ್ಲ, ಸೈಲೆಂಟ್ ಅಷ್ಟೇ. ಸೈಲೆಂಟ್ ಎಂದರೆ ಸದ್ದಿಲ್ಲ. ಸದ್ದಿಲ್ಲದ ಜಾಗದಲ್ಲಿ ಭಯವೂ ಇರಬಹುದು.

ಸೆರೀನ್ ಆಕಾಶದ ಪದ, ಮೋಡವಿಲ್ಲದ ನಿರ್ಮಲ ಬಾನು. ಪ್ಲಾಸಿಡ್ ನಿಂತ ಕೆರೆಯ ನೀರು. ಕಂಪೋಸ್ಡ್ ಎಂಬುದಕ್ಕೆ ನಮ್ಮಲ್ಲಿ ಅದಕ್ಕಿಂತ ಚಂದದ ಮಾತಿದೆ, ಸಾವರಿಸಿಕೊಂಡ. ಸಾವಿನ ಮನೆಯಲ್ಲಿ ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿ, ಬಂದವರಿಗೆ ಚಹಾ ಮಾಡಲು ಏಳುವವಳು ತನ್ನನ್ನು ತಾನು ಸಾವರಿಸಿಕೊಂಡಿದ್ದಾಳೆ. ಒಳಗೆ ಚೆದುರಿದ್ದನ್ನು ಕೂಡಿಸಿಕೊಂಡಿದ್ದಾಳೆ.

ನಮ್ಮ ಮಾತುಗಳ ಕಡೆ ತಿರುಗಿದರೆ ಅಲ್ಲೂ ಒಂದಕ್ಕೊಂದು ಸಾಟಿಯಿಲ್ಲ. ಆಳಂದ ಮಹಾರಾಷ್ಟ್ರದ ಗಡಿ. ಮರಾಠಿಯಿಂದ ನಮಗೆ ‘ನಿವಾಂತ’ ಬಂದಿದೆ. ನಿವಾಂತ ಕುಂತು ಮಾತಾಡೋಣ ಎಂದರೆ ಗಡಿಯಾರದ ಕಾಟವಿಲ್ಲದೆ, ನಡುವೆ ಎದ್ದು ಹೋಗುವ ಅವಸರವಿಲ್ಲದೆ. ಅರಬ್ಬಿಯ ‘ಫುರ್ಸತ್’ ನಮ್ಮ ನಾಲಿಗೆಯ ಮೇಲೆ ಪುರಸೊತ್ತು ಆಗಿ, ಅದು ಹೊರಗಿನದು ಎಂಬುದೇ ಮರೆತುಹೋಗಿದೆ. ಹೊರಟು ನಿಂತವರಿಗೆ ‘ಸಾವಕಾಶ ಹೋಗ್ರಿ’ ಎನ್ನುತ್ತೇವೆ. ಸ-ಅವಕಾಶ, ಎಡೆ ಇಟ್ಟುಕೊಂಡು ಹೋಗಿ ಎಂದರ್ಥ. ‘ನೆಮ್ಮದಿ’ಯನ್ನು ನನಗೆ ‘ನೆಮ್ಮು’ ಎಂಬ ಹಳೆಯ ಕ್ರಿಯಾಪದದ ಪಕ್ಕದಲ್ಲಿಟ್ಟು ನೋಡುವುದು ಇಷ್ಟ. ನೆಮ್ಮು ಎಂದರೆ ಒರಗು, ಆತುಕೊ. ಬೆನ್ನಿಗೊಂದು ಗೋಡೆ ಸಿಕ್ಕಾಗ ಬರುವ ಹಾಯಿ ಅದು.

ಆಮೇಲೆ ‘ತಿಳಿ’. ನನ್ನ ಮಟ್ಟಿಗೆ ಕನ್ನಡದ ದೊಡ್ಡ ಪದಗಳಲ್ಲಿ ಇದೊಂದು. ಆಳಂದ ತಾಲೂಕಿನ ಅಮರ್ಜಾ ಹೊಳೆ ಹರಿದು ಹೋಗಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ಆ ಕ್ಷೇತ್ರದ ಸಂಗಮ ದಾಟಿ ಭೀಮೆ ಜೇವರ್ಗಿಯ ಕಡೆ ಇಳಿಯುತ್ತಾಳೆ. ಮೂರೂ ತಾಲೂಕುಗಳನ್ನು ಪೋಣಿಸಿದ ದಾರದಂತೆ ಈ ನೀರು. ಮಳೆಗಾಲದಲ್ಲಿ ಅದು ಎರೆಮಣ್ಣು ಕಲಸಿಕೊಂಡು ಗೊಡಗೊಡ ಎನ್ನುತ್ತಿರುತ್ತದೆ. ನಲ್ಲಿ ಬರುವ ಮೊದಲು ದಂಡೆಯ ಊರಿನ ಹೆಂಗಸರು ಅದನ್ನೇ ತಂದು, ಬಟ್ಟೆಯಲ್ಲಿ ಸೋಸಿ, ಕೊಡದಲ್ಲಿ ಇಡುತ್ತಿದ್ದರು. ರಾತ್ರಿಯೆಲ್ಲ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮಕ್ಕಳು ಕೊಡಕ್ಕೆ ಕಾಲು ತಾಗಿಸಿದರೆ ಬೈಗುಳ. ಬೆಳಗಾಗುವ ಹೊತ್ತಿಗೆ ಮಣ್ಣು ತಳದಲ್ಲಿ ಪದರವಾಗಿ ಕೂತಿರುತ್ತಿತ್ತು, ಮೇಲಿನ ನೀರಿನಲ್ಲಿ ಕೊಡದ ಬಾಯಿಗೆ ಬಗ್ಗಿದವರ ಮುಖ ಕಾಣುತ್ತಿತ್ತು. ನೀರು ತಿಳಿಯಾಯಿತು ಎನ್ನುತ್ತೇವೆ. ಪಾಠ ಮುಗಿಸಿದ ಮೇಷ್ಟ್ರು ಮಕ್ಕಳಿಗೆ ತಿಳೀತೇನು ಎಂದು ಕೇಳುವುದೂ ಅದೇ ಮಾತಿನಿಂದ. ಕಲಕಿದ್ದು ತಂಗಬೇಕು, ಆಗ ಕಾಣುತ್ತದೆ.

ಇಂಗ್ಲಿಷಿನ ‘ರಿಫ್ಲೆಕ್ಟ್’ ಇದರ ಹತ್ತಿರದ್ದು. ಲ್ಯಾಟಿನ್ನಿನಲ್ಲಿ ಹಿಂದಕ್ಕೆ ಬಾಗಿಸುವುದು ಎಂದರ್ಥ, ಕನ್ನಡಿ ಬೆಳಕನ್ನು ಬಾಗಿಸುವ ಹಾಗೆ ಮನಸ್ಸು ತನ್ನನ್ನು ಬಾಗಿಸಿ ನೋಡಿಕೊಳ್ಳುವುದು. ‘ರೂಮಿನೇಟ್’ ಎಂಬುದಂತೂ ಇನ್ನೂ ಹತ್ತಿರ. ಅದರ ಮೂಲಾರ್ಥ ಮೆಲುಕು ಹಾಕುವುದು, ಯಾವ ಹೊಲಿಗೆಯೂ ಇಲ್ಲದೆ ನಮ್ಮ ಮಾತಿಗೆ ಕೂಡುತ್ತದೆ. ದನ ಸಾಕಿದ ಎರಡು ಜನಾಂಗಗಳು ದೂರ ದೂರ ಕೂತು ಒಂದೇ ನೋಟ ನೋಡಿವೆ. ಅವಸರದಲ್ಲಿ ತಿಂದದ್ದನ್ನು ಎತ್ತು ಕೊಟ್ಟಿಗೆಗೆ ಬಂದು, ಕಾಲು ಮಡಚಿ, ಕಣ್ಣು ಅರೆ ಮುಚ್ಚಿ, ಮತ್ತೆ ಬಾಯಿಗೆ ತಂದುಕೊಂಡು ಎಡಕ್ಕೂ ಬಲಕ್ಕೂ ಅರೆಯುತ್ತದೆ. ಗಂಟಲಿನಲ್ಲಿ ಉಂಡೆ ಮೇಲೇರುವುದು, ಅರೆದ ಮೇಲೆ ಇಳಿಯುವುದು ಚರ್ಮದ ಮೇಲೆ ಕಾಣುತ್ತದೆ. ಕೊರಳ ಗಂಟೆ ಸಣ್ಣಗೆ ಒಂದೇ ಲಯದಲ್ಲಿ ಅಲುಗುತ್ತಿರುತ್ತದೆ. ಯೋಚನೆ ಎಂದರೆ ಏನು ಎಂದು ಮಗುವಿಗೆ ತೋರಿಸಬೇಕಾದರೆ ನಾನು ಇದನ್ನು ತೋರಿಸುತ್ತೇನೆ.

ಆ ಎತ್ತಿಗೆ ನಮ್ಮಲ್ಲಿ ಸೋಮವಾರದ ರಜೆ ಇದೆ. ಬಸವನ ವಾರ, ನೊಗ ಹೂಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಈ ರೂಢಿ ಬಿಡದ ಮನೆಗಳಿವೆ. ಯಹೂದಿಗಳ ‘ಸಬ್ಬತ್’ ಇದರ ಅಣ್ಣತಮ್ಮ. ಹೀಬ್ರೂ ಭಾಷೆಯಲ್ಲಿ ಅದರ ಬೇರಿಗೆ ನಿಲ್ಲಿಸು, ಬಿಡು ಎಂಬ ಅರ್ಥ. ಏಳನೇ ದಿನ ನೀನೂ ದುಡಿಯಬೇಡ, ನಿನ್ನ ಆಳೂ, ನಿನ್ನ ಎತ್ತೂ ಕತ್ತೆಯೂ ದುಡಿಯಬಾರದು ಎಂದು ಅವರ ಧರ್ಮಗ್ರಂಥ ಎತ್ತನ್ನು ಹೆಸರಿಸಿಯೇ ಹೇಳುತ್ತದೆ. ಏಳನೇ ವರ್ಷ ಹೊಲಕ್ಕೂ ರಜೆ, ಬೀಳು ಬಿಡಬೇಕು. ಮುಂಗಾರಿಯಲ್ಲಿ ಎರೆ ಹೊಲವನ್ನು ಖಾಲಿ ಬಿಟ್ಟು ಹಿಂಗಾರಿಗೆ ಜೋಳ ಬಿತ್ತುವ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಆ ಏಳನೇ ವರ್ಷದ ಬೀಳಿನಿಂದಲೇ ವಿಶ್ವವಿದ್ಯಾಲಯದ ‘ಸಬ್ಬಾಟಿಕಲ್’ ರಜೆ ಹುಟ್ಟಿತು. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಪ್ರಾಧ್ಯಾಪಕರೊಬ್ಬರು ಈ ಪದ ಬಳಸುವಾಗ ರಸ್ತೆಯಾಚೆಯ ಹೊಲದಲ್ಲಿ ಅದರ ಮೊದಲ ಅರ್ಥ ಬಿದ್ದುಕೊಂಡಿರುತ್ತದೆ.

‘ಸ್ಕೂಲ್’ ಎಂಬುದೂ ಇದೇ ಬಳಗದ ಪದವೆಂದರೆ ಮಕ್ಕಳು ನಂಬುವುದಿಲ್ಲ. ಗ್ರೀಕಿನ ‘ಸ್ಖೊಲೆ’ ಎಂದರೆ ಬಿಡುವು. ಹೊಟ್ಟೆಪಾಡಿನಿಂದ ಬಿಡುವು ಸಿಕ್ಕವನು ಮಾಡಬಹುದಾದ ಕೆಲಸ ಕಲಿಕೆ, ಅದಕ್ಕೆ ಆ ಜಾಗಕ್ಕೂ ಅದೇ ಹೆಸರು ಬಂತು. ನಮ್ಮ ತಾಲೂಕುಗಳಿಂದ ಸುಗ್ಗಿ ಮುಗಿಯುತ್ತಲೇ ಮುಂಬಯಿ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳ ಹಿಂದೆ ಶಾಲೆಯ ಹಾಜರಿ ಪುಸ್ತಕದಿಂದ ಹೆಸರುಗಳೂ ಹೊರಡುತ್ತವೆ. ಗಾರೆ ಕೆಲಸದ ಜಾಗದಲ್ಲಿ ತಂಗಿಯನ್ನು ಕಂಕುಳಲ್ಲಿಟ್ಟುಕೊಂಡ ಹತ್ತು ವರ್ಷದ ಹುಡುಗಿ ಕಳೆದುಕೊಂಡದ್ದು ಪಾಠ ಮಾತ್ರ ಅಲ್ಲ, ಆ ಪದದೊಳಗಿನ ಬಿಡುವನ್ನೂ ಕಳೆದುಕೊಂಡಿದ್ದಾಳೆ. ಇದನ್ನು ಬರೆಯುವಾಗ ನನ್ನ ಗಂಟಲು ಕಟ್ಟುತ್ತದೆ, ಏಕೆಂದರೆ ಅಂಥ ಇಬ್ಬರು ನನ್ನ ಭಾನುವಾರದ ಗುಂಪಿನಲ್ಲಿದ್ದಾರೆ, ಕಳೆದದ್ದನ್ನು ಇಪ್ಪತ್ತರ ವಯಸ್ಸಿನಲ್ಲಿ ಹುಡುಕಿಕೊಳ್ಳುತ್ತಿದ್ದಾರೆ.

ಇಂಗ್ಲಿಷಿನ ಪಟ್ಟಿಯಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಅಲ್ಲಿ ವಿಶ್ರಾಂತಿ ಎಂದರೆ ಬಹುಮಟ್ಟಿಗೆ ಒಬ್ಬಂಟಿತನ ಮತ್ತು ಮೌನ. ಜೇವರ್ಗಿ ಸೀಮೆಯ ವಿಶ್ರಾಂತಿ ಹಾಗಿಲ್ಲ. ಕಡಕೋಳ ಮಡಿವಾಳಪ್ಪನವರು ಹತ್ತೊಂಬತ್ತನೇ ಶತಮಾನದಲ್ಲಿ ತತ್ವಪದ ಹಾಡಿದ ನೆಲ ಇದು. ಅವರ ಶಿಷ್ಯ ಬಳಗದಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು. ಹಗಲೆಲ್ಲ ದುಡಿದವರು ಶ್ರಾವಣದ ರಾತ್ರಿ ಗುಡಿಯಲ್ಲೋ ಮಠದಲ್ಲೋ ಕೂಡಿ, ಏಕತಾರಿ, ದಮ್ಮಡಿ, ತಾಳ ಹಿಡಿದು ಬೆಳ್ಳಿ ಮೂಡುವವರೆಗೆ ಅಂಥ ಪದ ಹಾಡುತ್ತಾರೆ. ಮರುದಿನ ಮತ್ತೆ ಕೂಲಿಗೆ ಹೋಗುತ್ತಾರೆ. ದಣಿವು ಎಲ್ಲಿ ಹೋಯಿತು ಎಂದರೆ ‘ಮನಸ್ಸು ಹಗೂರ ಆತು’ ಎನ್ನುತ್ತಾರೆ. ಹಗುರಾಗುವುದಕ್ಕೆ ಅವರಿಗೆ ಸದ್ದು ಬೇಕು, ಪಕ್ಕದಲ್ಲಿ ಇನ್ನೊಬ್ಬರ ಹೆಗಲು ಬೇಕು. ಅದೇ ಜೇವರ್ಗಿಯಲ್ಲಿ ಹದಿನೇಳನೇ ಶತಮಾನದ ಷಣ್ಮುಖ ಶಿವಯೋಗಿಗಳು ‘ಅಖಂಡೇಶ್ವರ’ ಅಂಕಿತದಲ್ಲಿ ವಚನ ಬರೆದರು. ವಚನಕಾರರು ತಿದ್ದಿ ತೀಡಿದ ನಿರಾಳ, ಬಯಲು ಎಂಬ ಮಾತುಗಳಿಗೆ ಕಾಮ್ ಆಗಲಿ ಸೆರೀನ್ ಆಗಲಿ ಸಾಲುವುದಿಲ್ಲ. ಬಯಲು ಎಂದರೆ ಏನೂ ಇಲ್ಲದ್ದು, ಎಲ್ಲಕ್ಕೂ ಎಡೆ ಇರುವುದು, ನಮ್ಮ ಕಣ್ಣೆದುರಿಗೆ ದಿಗಂತದವರೆಗೆ ಬಿದ್ದಿರುವ ಎರೆ ಭೂಮಿ, ಎಲ್ಲವೂ ಹೌದು.

ಅವತ್ತು ಪಾಠದ ನಡುವೆ ಎತ್ತಿನ ಸೋಮವಾರದ ಮಾತು ಬಂದಾಗ ಅರ್ಜಿ ತಂದ ಹುಡುಗಿಯನ್ನು ಕೇಳಿದ್ದೆ: “ನಿಮ್ಮ ಆಯಿ ಸೋಮವಾರ ಏನ್ ಮಾಡ್ತಾಳ?”

“ಮನಿ ಸಾರಸ್ತಾಳ್ರೀ. ಅರಬಿ ಒಗೀತಾಳ.”

“ಮಧ್ಯಾಹ್ನ ಒಂದೀಟು ಅಡ್ಡಾಗೂದಿಲ್ಲೇನು?”

ಅವಳು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು. “ನಾ ಅಂತೂ ನೋಡಿಲ್ರೀ. ಈಗ ಜ್ವರ ಬಂದಾಗನೇ ಮಲಗ್ಯಾಳ.”

ಆರಾಮಿಲ್ಲದಾಗ ಮಾತ್ರ ಆಯಿಗೆ ಆರಾಮ್ ಸಿಕ್ಕಿತ್ತು. ಹುಡುಗರು ಯಾರೂ ಮಾತಾಡಲಿಲ್ಲ. ಅವರವರ ಮನೆಯ ಆಯಿ, ಅವ್ವ ಅವರ ಕಣ್ಣ ಮುಂದೆ ಬಂದಿರಬೇಕು.

ಎರಡು ವಾರ ಕಳೆದು ಊರಿನಿಂದ ಬಂದವಳನ್ನು ಆಯಿ ಹ್ಯಾಂಗ ಅದಾಳ ಎಂದು ವಿಚಾರಿಸಿದೆ. “ಆರಾಮ್ ಅದಾಳ್ರೀ ಸರ. ತೊಗರಿಗಿ ಕಸ ತಗೀಲಾಕ ಹೋಗ್ಯಾಳ” ಎಂದಳು. ಅವತ್ತು ಹೊಸ ಪದ ಬಳಸಿ ಸ್ವಂತ ವಾಕ್ಯ ಬರೆಯಲು ಹೇಳಿದ್ದೆ. ಅವಳ ನೋಟ್‌ಬುಕ್ಕಿನಲ್ಲಿ ಎರಡು ವಾಕ್ಯಗಳಿದ್ದವು: ‘ಮೈ ಗ್ರ್ಯಾಂಡ್‌ಮದರ್ ಈಸ್ ವೆಲ್. ಶೀ ಡಸ್ ನಾಟ್ ರೆಸ್ಟ್.’ ತಿದ್ದುವುದಕ್ಕೆ ಏನೂ ಇರಲಿಲ್ಲ.